ನುಸಿ ಯಾರ ಮನೆಯದು?

ನಾನು ನುಸಿ ನೋಡುವವನು. ಇದನ್ನು ಹೇಳಿಕೊಳ್ಳಲು ಮೊದಲು ಸಂಕೋಚವಾಗುತ್ತಿತ್ತು, ಈಗ ಆಗುವುದಿಲ್ಲ. ಹುಲಿ ನೋಡುವವರಿಗೆ ಜೀಪು ಸಿಗುತ್ತದೆ. ಹಕ್ಕಿ ನೋಡುವವರಿಗೆ ಕೊರಳಲ್ಲಿ ದುರ್ಬೀನು ಇಳಿಬಿಟ್ಟುಕೊಂಡು ತಿರುಗುವ ಗತ್ತಾದರೂ ಸಿಗುತ್ತದೆ. ಹಾವು ಹಿಡಿಯುವವನ ಫೋಟೊ ಪೇಪರಿನಲ್ಲಿ ಬರುತ್ತದೆ. ನುಸಿ ನೋಡುವವನಿಗೆ ಸಿಗುವುದು ಕುತ್ತಿಗೆ ನೋವು, ಅದರ ಮೇಲೊಂದು ಪ್ರಶ್ನೆ: "ಸರ, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ನಮ್ಮ ಸಂಶಿ ಮೆಣಸಿನಕಾಯಿ ಬೆಳೆಯುವ ಸೀಮೆ. ಗಿಡದ ಎಲೆ ಮುಟುರಿಕೊಂಡರೆ ಅದು ನುಸಿಯ ಕೆಲಸ, ಅದಕ್ಕೆ ಔಷಧಿ ಹೊಡೆಯಬೇಕು ಎಂಬಷ್ಟು ಎಲ್ಲರಿಗೂ ಗೊತ್ತು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ಸುಮ್ಮನೆ ಬಿಡುತ್ತೇನೆಯೇ? ನುಸಿ ಎಂದರೆ ಹುಳವಲ್ಲ, ಎಂಟು ಕಾಲಿನದು, ಜೇಡನ ಸಂಬಂಧಿ, ಬಹುಪಾಲು ನುಸಿಗಳು ನಮ್ಮ ಬೆಳೆಯ ತಂಟೆಗೇ ಬರುವುದಿಲ್ಲ, ಎಷ್ಟೋ ಜಾತಿಗಳಿಗೆ ಇನ್ನೂ ಯಾರೂ ಹೆಸರೇ ಇಟ್ಟಿಲ್ಲ ಎಂದು ಬಸ್ ನಿಲ್ದಾಣದಲ್ಲಿ ನಿಂತು ಅರ್ಧ ಗಂಟೆ ವಿವರಿಸುತ್ತೇನೆ. ಕೇಳುವವರು ಮರ್ಯಾದಸ್ಥರು, ಪೂರ್ತಿ ಕೇಳುತ್ತಾರೆ. ಕೇಳಿಯಾದ ಮೇಲೆ, "ಅದೆಲ್ಲಾ ಇರಲಿ ಸರ, ಎಣ್ಣಿ ಯಾವುದು ಹೇಳಿಬಿಡ್ರಿ, ಬಸ್ ಬಂತು" ಎನ್ನುತ್ತಾರೆ.

ಮನೆಯಲ್ಲೂ ನನ್ನ ವಿದ್ಯೆಗೆ ಇದಕ್ಕಿಂತ ಹೆಚ್ಚಿನ ಮಾನವೇನೂ ಇಲ್ಲ. ನನ್ನ ಹೆಂಡತಿ ಗಿರಿಜಾ ತಿರ್ಲಾಪುರದವಳು. ಮದುವೆ ಮಾತುಕತೆಯಲ್ಲಿ ನಮ್ಮ ಕಾಕಾ "ಹುಡುಗ ಪ್ರಾಣಿಶಾಸ್ತ್ರ ಓದ್ಯಾನ್ರಿ" ಎಂದದ್ದಕ್ಕೆ ಆ ಮನೆಯವರು ನನ್ನನ್ನು ದನದ ಡಾಕ್ಟರ್ ಮಾಡಿಕೊಂಡುಬಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಹೋದಾಗ ಮಾವ ಚಹಾ ಕೊಡುವ ಮೊದಲೇ ಕೊಟ್ಟಿಗೆಗೆ ಕರೆದೊಯ್ದು, ಮೇವು ಬಿಟ್ಟ ಎಮ್ಮೆಯ ಮುಂದೆ ನಿಲ್ಲಿಸಿದರು. ನಾನು ಎಮ್ಮೆಯ ಕಿವಿ ಮಡಚಿ ನೋಡಿದೆ. ಒಳಗೆ ಉಣ್ಣಿ ಇತ್ತು. ಉಣ್ಣಿ ಎಂದರೆ ನುಸಿಯ ದೊಡ್ಡಪ್ಪನ ಮಗ. ಸಂತೋಷದಿಂದ ಅದನ್ನು ಕಿತ್ತು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೊರಗೆ ಬಂದೆ. "ಎಮ್ಮಿ ಹೆಂಗೈತ್ರಿ, ಅಳಿಯಂದ್ರ?" ಎಂದು ಮಾವ ಕೇಳಿದರೆ, "ಯಾವ ಎಮ್ಮಿ?" ಎಂದು ನಾನು ಕೇಳಿದೆನಂತೆ. ಗಿರಿಜಾ ಇದನ್ನು ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿಲ್ಲ. ನೆನಪಿದ್ದರೂ ಒಪ್ಪಿಕೊಳ್ಳುವವನಲ್ಲ.

ನುಸಿಯ ಹೊಸ ಜಾತಿಯೊಂದನ್ನು ಜಗತ್ತಿಗೆ ಪರಿಚಯಿಸುವುದೆಂದರೆ ಹುಡುಗಾಟವೇ? ಗಾಜಿನ ಸ್ಲೈಡಿನ ಮೇಲೆ ಒಂದು ತೊಟ್ಟು ಅಂಟುದ್ರವ ಬಿಟ್ಟು, ಕುಂಚದ ತುದಿಯಿಂದ ನುಸಿಯನ್ನು ಅದರಲ್ಲಿ ಮಲಗಿಸಿ, ಎಂಟೂ ಕಾಲುಗಳನ್ನು ಬಿಡಿಸಿ, ಮೇಲೆ ತೆಳುಗಾಜು ಮುಚ್ಚಬೇಕು. ಆ ಹೊತ್ತಿಗೆ ಸೀನು ಬಂದರೆ ಕೆಲಸ ಕೆಟ್ಟಂತೆ. ಆಮೇಲೆ ಸೂಕ್ಷ್ಮದರ್ಶಕದಡಿ ಅದರ ಮೈಮೇಲಿನ ರೋಮ ಎಣಿಸಬೇಕು. ಬೆನ್ನಿನ ಮೇಲೆ ಎಷ್ಟು, ಮೊದಲ ಕಾಲಿನ ಯಾವ ಗೆಣ್ಣಿನಲ್ಲಿ ಎಷ್ಟು, ಅವು ನೇರವಾಗಿವೆಯೋ ಗರಿಯಂತೆ ಕವಲೊಡೆದಿವೆಯೋ ಎಲ್ಲ ನೋಡಬೇಕು. ಅದರ ಚಿತ್ರ ಬರೆದು, ಈಗಾಗಲೇ ಹೆಸರು ಪಡೆದಿರುವ ಅದರ ಬಂಧುಬಳಗದ ಜೊತೆ ಹೋಲಿಸಿ, ಇದು ಅವರ್ಯಾರೂ ಅಲ್ಲ ಎಂದು ಸಿದ್ಧ ಮಾಡಿ ತೋರಿಸಬೇಕು. ನನ್ನ ತಲೆಯ ಕೂದಲು ಹೋದದ್ದು ಇವುಗಳ ರೋಮ ಎಣಿಸಿಯೇ. ಇಷ್ಟೆಲ್ಲ ಆದ ಮೇಲೆ, ಇದು ಯಾವ ಊರಿನ ಯಾವ ಜಾಗದಲ್ಲಿ, ಯಾವುದರ ಮೇಲೆ ಸಿಕ್ಕಿತು ಎಂದು ಒಂದು ಸಾಲು ಬರೆಯಬೇಕು. ಆ ಒಂದು ಸಾಲು ನಮ್ಮ ಓಣಿಗೆ ಬೆಂಕಿ ಹಚ್ಚಿತು.

ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಅದಕ್ಕೆ ಎಷ್ಟೋ ದಿನ ಮೊದಲೇ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಜೋಳದ್ದು, ಸಜ್ಜೆಯದ್ದು, ಎಳ್ಳು ಹಚ್ಚಿದ್ದು, ತೆಳ್ಳಗೆ ಬಡಿದು, ಬೇಯಿಸಿ, ಮುರಿದರೆ ಕಟಕ್ ಎನ್ನುವಂತೆ ಒಣಗಿಸಿದ್ದು. ಹಬ್ಬದ ದಿನ ಹೆಂಗಸರು ತಾಟಿನಲ್ಲಿ ರೊಟ್ಟಿ, ಪಲ್ಲೆ, ಚಟ್ನಿ ಇಟ್ಟುಕೊಂಡು ಓಣಿಯ ಮನೆಗಳಿಗೆಲ್ಲ ಕೊಟ್ಟು ಬರುತ್ತಾರೆ. ಆ ಮನೆಗಳವರು ಇವರಿಗೆ ಕೊಡುತ್ತಾರೆ. ಬಾಜು ಮನೆಯ ಮಮ್ತಾಜಬಿಗೂ ನಮ್ಮ ರೊಟ್ಟಿ ಹೋಗುತ್ತದೆ, ಅವರ ಮನೆಯಿಂದಲೂ ಬರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಬುಟ್ಟಿಯಲ್ಲೂ ಇಡೀ ಓಣಿಯ ರೊಟ್ಟಿ ಸೇರಿರುತ್ತದೆ. ಯಾರದು ತೆಳ್ಳಗೆ, ಯಾರದು ದಪ್ಪ, ಯಾರ ಚಟ್ನಿಗೆ ಉಪ್ಪು ಕಡಿಮೆ ಎಂಬ ಮಾತು ಮುಂದಿನ ಪಂಚಮಿಯವರೆಗೆ ನಡೆಯುತ್ತದೆ. ಗಿರಿಜಾಳ ರೊಟ್ಟಿಗೆ ಓಣಿಯಲ್ಲಿ ಎದುರಿಲ್ಲ. ಇದನ್ನು ನಾನು ಹೆದರಿ ಹೇಳುತ್ತಿಲ್ಲ.

ಎರಡು ವರ್ಷದ ಹಿಂದೆ ಆ ಹಬ್ಬ ಮುಗಿದು ತಿಂಗಳಾಗಿರಬೇಕು, ಹೊರಗೆ ಜಿಟಿಜಿಟಿ ಮಳೆ. ನನ್ನ ಕೋಣೆಯ ಮೇಜಿನ ಮೇಲೆ ರೊಟ್ಟಿಯ ಒಂದು ಚೂರು ಬಿದ್ದಿತ್ತು. ಬಾಯಿಗೆ ಹಾಕಿಕೊಳ್ಳುವ ಬದಲು ಚಟಕ್ಕೆ ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಅದರ ಮೇಲೆ ಒಂದು ನುಸಿ ಗೌಡನ ಗತ್ತಿನಲ್ಲಿ ನಡೆದು ಹೋಗುತ್ತಿತ್ತು. ಅದು ಸಾಮಾನ್ಯ ಹಿಟ್ಟಿನ ನುಸಿಯಲ್ಲ, ಹಿಟ್ಟಿನ ನುಸಿಯನ್ನೇ ಹಿಡಿದು ತಿನ್ನುವ ಬಳಗದ್ದು, ಮುಖದ ಮುಂದೆ ಇಕ್ಕಳದಂಥ ಎರಡು ಹಿಡಿಕೆಗಳಿದ್ದವು. ಹುಡುಕಿದರೆ ಇನ್ನೂ ಆರು ಸಿಕ್ಕವು. ಎಲ್ಲ ಹೆಣ್ಣು. ರೋಮ ಎಣಿಸಿದೆ, ತಪ್ಪಿತೆಂದು ಮತ್ತೆ ಎಣಿಸಿದೆ, ತಿಂಗಳುಗಟ್ಟಲೆ ಹಳೆಯ ವರ್ಣನೆಗಳ ಜೊತೆ ಹೋಲಿಸಿದೆ. ಯಾವುದಕ್ಕೂ ತಾಳೆಯಾಗಲಿಲ್ಲ. ಇಷ್ಟು ವರ್ಷ ಎಲ್ಲರೂ ನಕ್ಕದ್ದಕ್ಕೆ ಉತ್ತರ ಸಿಕ್ಕಿತೆಂದು ನನ್ನ ಕಣ್ಣಲ್ಲಿ ನೀರೇ ಬಂತು. ಲೇಖನ ಬರೆದು ಹೊರದೇಶದ ಪತ್ರಿಕೆಯೊಂದಕ್ಕೆ ಕಳಿಸಿದೆ. ಕಳಿಸುವಾಗ ಒಂದು ಜಾಣತನ ಮಾಡಿದೆ. ಸಂಶಿ, ಮನೆಯಲ್ಲಿಟ್ಟ ಜೋಳದ ರೊಟ್ಟಿ ಎಂದಷ್ಟೇ ಬರೆದು ಸುಮ್ಮನಾಗದೆ, ನಮ್ಮ ರೊಟ್ಟಿ ಹಬ್ಬದ ಕೊಡುಕೊಳ್ಳುವಿಕೆಯನ್ನು ಅಭಿಮಾನದಿಂದ ಒಂದು ಇಡೀ ಪುಟ ವರ್ಣಿಸಿದೆ.

ಅದನ್ನು ಪರಿಶೀಲಿಸಿದ ಪುಣ್ಯಾತ್ಮ, ಹೆಸರಿಲ್ಲದ ಯಾರೋ ಒಬ್ಬ, ಪತ್ರ ಬರೆದ. ವರ್ಣನೆ ಚೆನ್ನಾಗಿದೆ, ಜಾತಿ ಹೊಸದೇ ಇರಬಹುದು. ಆದರೆ ಲೇಖಕರು ಹೇಳುವ ಪ್ರಕಾರ ಈ ರೊಟ್ಟಿ ಅನೇಕ ಮನೆಗಳಿಂದ ಬಂದದ್ದು. ಹಾಗಾದರೆ ಈ ನುಸಿ ಯಾವ ಮನೆಯದು? ಅದು ತಿಳಿಯದೆ ಲೇಖನ ಒಪ್ಪುವುದು ಕಷ್ಟ. ಮತ್ತೆ ಹುಡುಕಿ ತಿಳಿಸಿ.

ಹುಡುಕುತ್ತೇನೆ ಎಂದು ಹಟ ಹಿಡಿದೆ. ಮರುದಿನ ಭಾನುವಾರ, ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳು, ಕುಂಚ, ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಎದುರು ಮನೆಯ ನೀಲವ್ವಜ್ಜಿಯಿಂದ ಶುರು ಮಾಡಿದೆ.

"ಏನೋ ಮಾಸ್ತರ, ಹಿಟ್ಟ ಕಡಾ ಬೇಕಾಗಿತ್ತೇನು?" ಎಂದಳು ಅಜ್ಜಿ.

"ಇಲ್ಲಬೇ ಅಜ್ಜಿ, ಒಂದ ಚಮಚ ಸಾಕು. ನಿಮ್ಮ ಹಿಟ್ಟಿನ್ಯಾಗ, ರೊಟ್ಟಿ ಬುಟ್ಟಿಯಾಗ ನುಸಿ ಅದಾವೇನ ನೋಡಬೇಕಾಗೇತಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡಳು. ನಾನು ಮುಂದಿನ ಮನೆಗೆ ಹೋದೆ. ಅಲ್ಲಿಂದ ಮುಂದಕ್ಕೆ. ಯಾಕೆಂದು ಕೇಳಿದವರಿಗೆಲ್ಲ ಹೊರದೇಶದ ಪತ್ರಿಕೆಯ ಸಂಗತಿಯನ್ನು ಬಿಡಿಸಿ ಹೇಳಿದೆ. ಕೆಲವರು ಕೊಟ್ಟರು, ಕೆಲವರು ಬೈದು ಕೊಟ್ಟರು. ಆರನೆಯ ಮನೆ ತಲುಪುವ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ತಲುಪಿ ಬಾಗಿಲು ಮುಚ್ಚಿಸಿತ್ತು.

ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. ನೀಲವ್ವಜ್ಜಿ ಮುಂದಾಳು. "ಜೋಳಕ್ಕ ಬೇವಿನ ತಪ್ಪಲಾ ಹಾಕಿ, ಬೂದಿ ಕಲಿಸಿ ಇಡೋ ಮಂದಿ ನಾವು. ನಮ್ಮ ಮನ್ಯಾಗ ನುಸಿ ಐತಿ ಅಂತ ಪರದೇಶಕ್ಕ ಬರದ ಕಳಸ್ತೀಯೇನೋ?"

"ಅಜ್ಜಿ, ಇದು ರೊಟ್ಟಿ ತಿನ್ನೂ ನುಸಿ ಅಲ್ಲ. ರೊಟ್ಟಿ ತಿನ್ನೂ ನುಸಿನ್ನ ತಿನ್ನೂ ನುಸಿ. ಕಾವಲುಗಾರ ಇದ್ದಂಗ."

"ಅಂದ್ರ ಎರಡ ಜಾತಿ ನುಸಿ ಅದಾವ ಅಂದಂಗಾತು" ಎಂದಳು ಅಜ್ಜಿ, ಉಳಿದವರ ಕಡೆ ತಿರುಗಿ.

ಮಮ್ತಾಜಬಿ ಎಂದೂ ದನಿ ಏರಿಸಿ ಮಾತಾಡಿದವರಲ್ಲ. ಅವರು ಮೆಲ್ಲಗೆ, "ಸರ, ನೀವು ಕಲತವರು. ಊರಿನ ಹೆಸರ ಬರದೀರಿ, ಇರಲಿ. ಮನಿ ಯಾವುದಂತ ಹುಡುಕಾಕ ಹತ್ತಿದ್ರ ಈ ಸಲ ಹಬ್ಬಕ್ಕ ನಿಮ್ಮ ಮನಿಗೆ ರೊಟ್ಟಿ ಕಳಸೂದ ಹ್ಯಾಂಗ್ರಿ? ಗಿರಿಜಕ್ಕಗ ಕೊಟ್ಟದ್ದು ನಿಮ್ಮ ಪರೀಕ್ಷಾಕ್ಕ ಕೊಟ್ಟಂಗಾಕ್ಕೈತಿ" ಎಂದರು. ಉಳಿದವರು ಹೌದೆಂದು ತಲೆಯಾಡಿಸಿದರು. ಗಿರಿಜಾಳ ಮುಖ ಬಾಡಿದ್ದನ್ನು ನಾನು ನೋಡಿದೆ. ಮದುವೆಯಾಗಿ ಬಂದ ವರ್ಷದಿಂದ ಆ ತಾಟು ಹೋಗಿ ಬರುವುದು ಒಮ್ಮೆಯೂ ತಪ್ಪಿರಲಿಲ್ಲ. ಆದರೂ ಏನು ಮಾಡಲಿ, ಹಟ ನನಗೆ ಹುಟ್ಟಿನಿಂದ ಬಂದದ್ದು. ಸತ್ಯ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ನಾಳೆ ಉಳಿದ ಮನೆಗಳನ್ನೂ ನೋಡಿಯೇ ತೀರುತ್ತೇನೆ ಎಂದುಬಿಟ್ಟೆ.

ಗಿರಿಜಾ ಎದ್ದು ನಿಂತಳು. "ಎಲ್ಲಾರ ಮನಿ ನೋಡ್ತೀರಿ. ನಮ್ಮ ಮನಿ ನೋಡೀರೇನು?"

ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನೋಡಬೇಕೆಂದು ಹೊಳೆದೇ ಇರಲಿಲ್ಲ. ಅವಳು ಒಳಗೆ ಹೋಗಿ ರೊಟ್ಟಿ ಬುಟ್ಟಿ, ಹಿಟ್ಟಿನ ಡಬ್ಬಿ, ಜೋಳದ ಚೀಲದ ತಳದ ಪುಡಿ ಎಲ್ಲ ತಂದು ಮುಂದಿಟ್ಟಳು. ಸೂಕ್ಷ್ಮದರ್ಶಕವನ್ನೂ ಕಟ್ಟೆಗೇ ತರಿಸಿದಳು. ಅಷ್ಟೂ ಹೆಂಗಸರ ಎದುರು ನಾನು ಒಂದೊಂದಾಗಿ ನೋಡಿದೆ. ಏನೂ ಇಲ್ಲ. ಬೆಳಿಗ್ಗೆ ನಾಲ್ಕು ಮನೆಗಳಿಂದ ತಂದದ್ದನ್ನೂ ನೋಡಿಸಿದಳು. ಅದರಲ್ಲೂ ಇಲ್ಲ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವಳು ಸೀದಾ ನನ್ನ ಕೋಣೆಗೆ ಹೋದಳು.

ಈಗ ಒಂದು ವಿಷಯ ಹೇಳಲೇಬೇಕು. ಆ ಹಬ್ಬಕ್ಕೆ ಸ್ವಲ್ಪ ಮೊದಲು ಕಟಕ್ ರೊಟ್ಟಿ ಕಡಿಯುವಾಗ ನನ್ನ ದವಡೆಯ ಹಲ್ಲೊಂದು ಮುರಿದಿತ್ತು. ಅಂದಿನಿಂದ ಗಿರಿಜಾ ನನಗೆ ಕಟಕ್ ರೊಟ್ಟಿ ಬಂದ್ ಮಾಡಿ, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಲಸಿ ಕೊಡುತ್ತಿದ್ದಳು. ಕೂಸಿಗೆ ಕೊಟ್ಟಂತೆ. ಸ್ವಾಭಿಮಾನವಿರುವ ಯಾವ ಮನುಷ್ಯ ಇದನ್ನು ಸಹಿಸುತ್ತಾನೆ? ಹಬ್ಬದ ಬುಟ್ಟಿಯಿಂದ ನಾನು ಆಗಾಗ ಒಂದೊಂದು ರೊಟ್ಟಿ ಎತ್ತಿ, ಹಳೆಯ ಪೇಪರಿನಲ್ಲಿ ಸುತ್ತಿ, ಕಪಾಟಿನ ಕೆಳಗಿನ ಅರೆಯಲ್ಲಿ ಸ್ಲೈಡಿನ ಪೆಟ್ಟಿಗೆಗಳ ಹಿಂದೆ ಇಡುತ್ತಿದ್ದೆ. ರೋಮ ಎಣಿಸುತ್ತ ಎಣಿಸುತ್ತ ಆಚೆ ದವಡೆಯಿಂದ ಕಡಿಯುತ್ತಿದ್ದೆ. ಆ ಅರೆಗೆ ಮಳೆಗಾಲದಲ್ಲಿ ಗೋಡೆಯ ತೇವ ಇಳಿಯುತ್ತದೆಂದು ಗೊತ್ತಿತ್ತು. ಕಸ ಗುಡಿಸಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ನನ್ನ ಸ್ಲೈಡುಗಳು ಒಡೆದಾವೆಂದು.

ಗಿರಿಜಾ ಆ ಪೇಪರಿನ ಗಂಟನ್ನು ಎರಡು ಬೆರಳಲ್ಲಿ ಹಿಡಿದು ತಂದಳು. ತಳದ ಪುಡಿಯನ್ನು ತಾನೇ ಗಾಜಿನ ಮೇಲೆ ಉದುರಿಸಿದಳು. ನಾನು ಕಣ್ಣಿಟ್ಟೆ. ಗುಡಗೇರಿಯ ಸಂತೆ ನೆರೆದಂತಿತ್ತು. ಹಿಟ್ಟಿನ ನುಸಿ ಸಾಲುಸಾಲಾಗಿ, ಅವುಗಳ ನಡುವೆ ಇಕ್ಕಳ ಎತ್ತಿಕೊಂಡು ತಿರುಗುವ ನನ್ನ ಹೊಸ ಜಾತಿ.

"ಏನ ಐತ್ರಿ?" ಎಂದಳು ಗಿರಿಜಾ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲೇ ಅದಾವ" ಎಂದೆ. ಆದರೆ ತಲೆ ತಗ್ಗಿಸಲಿಲ್ಲ, ಇದನ್ನು ಓದುಗರು ಗಮನಿಸಬೇಕು. ಇದು ಕಳ್ಳತನವಲ್ಲ, ಸಂಗ್ರಹ. ನಾನು ಹೀಗೆ ಇಡದಿದ್ದರೆ ಜಗತ್ತಿಗೆ ಈ ಜಾತಿ ತಿಳಿಯುತ್ತಲೇ ಇರಲಿಲ್ಲ ಎಂದು ಎದೆ ಸೆಟೆಸಿ ಹೇಳಿದೆ. ಮೊದಲು ನಕ್ಕವಳು ನೀಲವ್ವಜ್ಜಿ. "ಹೋಗಲಿ ಬಿಡ್ರೇ, ಹಲ್ಲ ಮುರದಾಂವ, ಪಾಪ" ಎಂದಳು. ಆಕೆಯ ಬೈಗಳನ್ನು ತಡೆದುಕೊಂಡಿದ್ದೆ, ಈ ಪಾಪವನ್ನು ತಡೆದುಕೊಳ್ಳಲು ಆಗಲಿಲ್ಲ.

ಪತ್ರಿಕೆಗೆ ಇದ್ದದ್ದನ್ನು ಇದ್ದಂತೆ ಬರೆದೆ: ಸಂಶಿ ಗ್ರಾಮ, ಲೇಖಕನ ಸ್ವಂತ ಕಪಾಟು, ಕೆಳಗಿನ ಅರೆ, ಸ್ಲೈಡಿನ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟ ರೊಟ್ಟಿ. ಇಷ್ಟು ಖಚಿತವಾದ ಸ್ಥಳವಿವರ ಅಪರೂಪ ಎಂದು ಆ ಪರಿಶೀಲಕ ಹೊಗಳಿದ. ಹೊಗಳಿ, ಅದೇ ಜಾಗದಲ್ಲಿ ಇನ್ನೊಮ್ಮೆ ಹುಡುಕಿ, ಗಂಡು ಸಿಕ್ಕರೆ ಅದನ್ನೂ ವರ್ಣಿಸಿ ಎಂದ. ಕಾಲೇಜಿನಿಂದ ಓಡಿ ಬಂದೆ. ಗಿರಿಜಾ ಅವತ್ತು ಬೆಳಿಗ್ಗೆಯೇ ಬೇವಿನ ಎಲೆ ಕುದಿಸಿದ ನೀರಿನಿಂದ ಕಪಾಟನ್ನು ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದಳು. ಭೂಮಿಯ ಮೇಲೆ ಆ ಜಾತಿ ಇದೆಯೆಂದು ಗೊತ್ತಿದ್ದ ಒಂದೇ ಒಂದು ಜಾಗ ಅದು. ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ, ಹಾಲು ರೊಟ್ಟಿಯನ್ನೂ ಬಿಟ್ಟೆ. ಮೂರನೆಯ ದಿನ ಹಸಿವಾಯಿತು. ಲೇಖನ ಅಚ್ಚಾಯಿತು, "ಗಂಡು ತಿಳಿದಿಲ್ಲ" ಎಂಬ ಸಾಲಿನೊಂದಿಗೆ.

ಈ ವರ್ಷದ ರೊಟ್ಟಿ ಹಬ್ಬಕ್ಕೆ ಎಲ್ಲ ಮನೆಗಳಿಂದಲೂ ತಾಟು ಬಂತು. ಮಮ್ತಾಜಬಿಯವರು ನನಗೆಂದೇ ಬೇರೆಯಾಗಿ ಮೆತ್ತನೆಯ ರೊಟ್ಟಿ ಕಳಿಸಿದ್ದರು. ನೀಲವ್ವಜ್ಜಿ, "ಇಲ್ಲೇ ನನ್ನ ಮುಂದ ತಿನ್ನು, ಕಪಾಟಿಗೆ ಒಯ್ಯಬ್ಯಾಡ" ಎಂದು ನಿಂತು ತಿನ್ನಿಸಿ ಹೋದಳು. ತಾಟುಗಳನ್ನೆಲ್ಲ ಖಾಲಿ ಮಾಡಿದ ಮೇಲೆ ಗಿರಿಜಾ ಬುಟ್ಟಿಯಿಂದ ಒಂದು ಕಟಕ್ ರೊಟ್ಟಿ ತೆಗೆದು, ಪೇಪರಿನಲ್ಲಿ ಸುತ್ತಿ, ತಾನಾಗಿಯೇ ಆ ಕೆಳಗಿನ ಅರೆಯಲ್ಲಿಟ್ಟಳು. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ವಾರಕ್ಕೊಮ್ಮೆ ಬೀಗ ತೆಗೆದು, ಪುಡಿಯನ್ನು ಗಾಜಿನ ಮೇಲೆ ಉದುರಿಸಿ, ಮೊದಲು ತಾನು ನೋಡುತ್ತಾಳೆ. ಹೆಣ್ಣು ನುಸಿಗಳು ಅಲ್ಲಿ ಮತ್ತೆ ಕಾಣಿಸಿಕೊಂಡಿವೆ, ಸಂದುಗೊಂದಿನಲ್ಲಿ ಎಲ್ಲಿ ಅಡಗಿದ್ದವೋ.

ಮೊನ್ನೆ ಸೋಮವಾರ ಹಾಗೆಯೇ ಕಣ್ಣಿಟ್ಟು, "ಗಂಡು ಇನ್ನೂ ಬಂದಿಲ್ರಿ" ಎಂದಳು. ನಾನು ಅವಳ ಹಿಂದೆ ಬಾಗಿಲಲ್ಲಿ ನಿಂತಿದ್ದೆ. ರೋಮ ಎಣಿಸಲು ಬಾರದವಳು ಗಂಡನ್ನು ಹೇಗೆ ಗುರುತಿಸುತ್ತಾಳೆಂದು ಕೆಣಕುವ ಆಸೆಯಾಗಿ, ಬಾಯಿ ತೆರೆಯದೆ "ಹೆಂಗೊತ್ತು?" ಎಂಬಂತೆ ಹೂಂಗುಟ್ಟಿದೆ.

ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕ ರೋಮಾ ಎಣಸೂದ ಬ್ಯಾಡ್ರಿ. ಬುಟ್ಟಿಯಾಗ ರೊಟ್ಟಿ ಕಡಿಮಿ ಆಗಿರತೈತಿ. ಕೇಳಿದ್ರ ನಾ ಅಲ್ಲ ಅಂತೈತಿ. ಅದ ಗಂಡು."

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು, ಕೊಟ್ಟೇ ಕೊಡುತ್ತಿದ್ದೆ. ಆದರೆ ಅಡಿಗೆಮನೆಯಿಂದ ಆಗಷ್ಟೇ ತಂದ ಚೂರು ಬಾಯಲ್ಲಿತ್ತು, ಅದು ಕಟಕ್ ಎನ್ನದಂತೆ ಹಿಡಿದುಕೊಂಡು ನಿಂತಿದ್ದೆ.