ಬಫೆಯಲ್ಲಿ ಸೌಟು ಹಿಡಿದ ಮಾವ

ಬರೆದು ರೂಢಿಯಿಲ್ಲದವನು ನಾನು. ನಮ್ಮ ವಂಶದಲ್ಲಿ ಪದವಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಎಡವಿದರೆ ಹಿಡಿದುಕೊಳ್ಳಲು ಹಿಂದೆ ಯಾರೂ ಇಲ್ಲ. ಆದಕಾರಣ ಹೇಳುವ ಕ್ರಮದಲ್ಲಿ ಹೆಚ್ಚುಕಡಿಮೆಯಾದರೆ ಓದುಗರು ದೊಡ್ಡ ಮನಸ್ಸಿನಿಂದ ಸೈರಿಸಬೇಕು. ಕೊರತೆಗಳೆಲ್ಲ ನನ್ನವು, ನಗು ಬಂದರೆ ಅದು ಮಾತ್ರ ನನ್ನ ಸೋದರಮಾವನವರದು.

ಅವರ ವಿಷಯದಲ್ಲಿ ಒಂದು ಮಾತನ್ನು ಪ್ರಮಾಣ ಮಾಡಿ ಹೇಳಬಲ್ಲೆ: ಹುಟ್ಟಿದಂದಿನಿಂದ ಅವರು ತಮ್ಮ ತಟ್ಟೆಗೆ ತಾವೇ ಒಂದು ಅಗುಳನ್ನೂ ಬಡಿಸಿಕೊಂಡವರಲ್ಲ! ಸೋಮಾರಿಗಳೆಂದು ಭಾವಿಸಬೇಡಿ. ಕೊಟ್ಟೂರಿನ ಸುತ್ತಮುತ್ತ ಯಾವ ಮದುವೆಯಾಗಲಿ, ಗೋಧಿಹುಗ್ಗಿಯ ಬಕೆಟ್ಟು ಅವರ ಕೈಯಲ್ಲೇ. ಕರೆ ಬಂದಿರಬೇಕೆಂಬ ನಿಯಮವೇನೂ ಇರಲಿಲ್ಲ. ಎಲೆಗೆ ಅಡ್ಡ ಹಿಡಿದ ಕೈಯನ್ನು ಅವರು ಎಂದೂ ನಿರಾಕರಣೆಯೆಂದು ಪರಿಗಣಿಸಲಿಲ್ಲ. ಬೆರಳಿನ ಸಂದಿಯಿಂದಲೇ ತುಪ್ಪ ಇಳಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಒಮ್ಮೆ ವರನ ಚಿಕ್ಕಪ್ಪನವರು, "ಸಾಕ್ರಿ ಯಪ್ಪಾ, ಹೊಟ್ಟಿ ಒಡೀತೈತಿ!" ಎಂದು ಎದ್ದು ನಿಂತೇಬಿಟ್ಟರು. "ಚಲೋ ಆತು ಬಿಡ್ರಿ, ನಿಂತ್ರ ಉಂಡದ್ದು ಕೆಳಗ ಇಳಿತೈತಿ. ಈಗ ಕುಂದರ್ರಿ" ಎಂದು ಹೆಗಲೊತ್ತಿ ಕೂರಿಸಿ, ಮತ್ತೆರಡು ಸೌಟು ಹಾಕಿದವರು ಇವರೇ!

ಆದರೆ ಸ್ವಂತ ಊಟದ ಬಗ್ಗೆ ಅವರ ಸಿದ್ಧಾಂತವೇ ಬೇರೆ. "ತಾನ ನೀಡ್ಕೊಂಡು ಉಂಬಾಂವ ಒಂದೋ ಕಳ್ಳ, ಇಲ್ಲಾ ದಿಕ್ಕಿಲ್ಲದಾಂವ." ಅತ್ತೆ ತವರಿಗೆ ಹೋದರೆ ಪಕ್ಕದ ಮನೆಯವರನ್ನು ಕೂಗಿ ಕರೆದು, ತಮ್ಮದೇ ಗಡಿಗೆಯ ಅನ್ನವನ್ನು ಅವರ ಕೈಯಿಂದ ಬಡಿಸಿಕೊಂಡು ಉಣ್ಣುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಇಂಥವರನ್ನು ನಾನು ಬಫೆ ಊಟಕ್ಕೆ ಕರೆದೊಯ್ಯಬೇಕಾಗಿ ಬಂತು!

ಎಂಬತ್ತರ ದಶಕದ ಕೊನೆ. ಕೂಡ್ಲಿಗಿಯ ಬ್ಯಾಂಕೊಂದರಲ್ಲಿ ನನಗೆ ಗುಮಾಸ್ತಿಕೆ ದೊರೆತಿತ್ತು. ತಂದೆಯವರಿಲ್ಲದ ನಮಗೆ ಮಾವನವರೇ ಹಿರಿಯರು. ಹರಪನಹಳ್ಳಿಯ ಶಿರಸ್ತೇದಾರರೊಬ್ಬರ ಮಗಳನ್ನು ನೋಡಿ ಬಂದಿದ್ದೆವು. ನನಗೆ ಒಪ್ಪಿಗೆ, ಬಹಳವೇ ಒಪ್ಪಿಗೆ! ಅವರು ಮಾತ್ರ, "ಒಂದ್ಸಲ ಎಲ್ಲರೂ ಕೂಡಿ ಇಲ್ಲಿನ ಹೊಸ ಬಫೆ ಹೋಟೆಲಿನಲ್ಲಿ ಊಟ ಮಾಡಾಣ, ಆಮೇಲೆ ಹೇಳ್ತೀವಿ" ಎಂದು ಹೇಳಿ ಕಳುಹಿಸಿದ್ದರು. ಇದು ಪರೀಕ್ಷೆಯಲ್ಲದೆ ಮತ್ತೇನು? ಅವ್ವ, ಮಾವ, ನಾನು ಮೂವರೂ ಹೊರಟೆವು. ಬಸ್ಸಿನುದ್ದಕ್ಕೂ ನಾನು ಮಾವನವರಿಗೆ ಪಾಠ ಹೇಳಿದೆ: ತಟ್ಟೆ ನಾವೇ ತೆಗೆದುಕೊಳ್ಳಬೇಕು, ನಾವೇ ಹಾಕಿಕೊಳ್ಳಬೇಕು, ಯಾರಿಗೂ ಒತ್ತಾಯ ಮಾಡಬಾರದು. ಅವರು ಎಲ್ಲಕ್ಕೂ ತಲೆಯಾಡಿಸಿದರು. ಅದು ರಸ್ತೆಯ ಗುಂಡಿಗಳ ಪ್ರಭಾವವೆಂದು ಆಮೇಲೆ ತಿಳಿಯಿತು.

ಹೋಟೆಲು ಹೊಸ ಕಾಂಪ್ಲೆಕ್ಸಿನ ಮಹಡಿಯಲ್ಲಿತ್ತು. ಕೆಳಗೆ ಬಟ್ಟೆ, ಪಾತ್ರೆ, ಟೇಪ್‌ರೆಕಾರ್ಡರ್ ಅಂಗಡಿಗಳು. ಮೇಲೆ ಸಾಕ್ಷಾತ್ ಹಳ್ಳಿ! ಸಿಮೆಂಟಿನ ತಾರಸಿಯಡಿ ಹುಲ್ಲಿನ ಸೂರು, ಕಂದೀಲಿನೊಳಗೆ ಕರೆಂಟು ಬಲ್ಬು, ಗೋಡೆಗೆ ಚಕ್ಕಡಿಯ ಗಾಲಿ.

"ಲೇ, ಊರ ಹೊರಗ ಪುಕ್ಕಟ ಸಿಗಾದನ್ನ ಮಾಳಗಿ ಮ್ಯಾಲೆ ಯಾಕ ಹೊತ್ಕೊಂಡು ಬಂದಾರ?"

"ಮೆಲ್ಲಕ ಮಾತಾಡ್ರಿ, ಮಾವ."

"ಗಾಲಿ ಒಂದ ಐತಲ್ಲೋ. ಇನ್ನೊಂದು ಎಲ್ಲಿ ಕಳಚಿ ಬಿತ್ತು ಅಂತ ಕೇಳ್ಲಾ?"

ಶಿರಸ್ತೇದಾರರ ಕುಟುಂಬದವರು ಬಂದರು, ನಮಸ್ಕಾರಗಳಾದವು. ಉದ್ದನೆಯ ಮೇಜಿನ ಮೇಲೆ ಹೊಗೆಯಾಡುವ ಪಾತ್ರೆಗಳು. ತಟ್ಟೆ ಹಿಡಿದ ಜನರ ಸಾಲು. ಮಾವನವರು ನೋಡಿದರು. ಮುಖದಲ್ಲಿ ಕರುಣೆ ಉಕ್ಕಿತು. "ಅಯ್ಯ ಪಾಪ! ನೀಡಾರು ಬಂದಿಲ್ಲೇನು ಇವತ್ತು?"

ನಾನು ತಡೆಯುವಷ್ಟರಲ್ಲಿ ಪಂಚೆ ಮೇಲೆ ಕಟ್ಟಿ, ಟವೆಲು ಸೊಂಟಕ್ಕೆ ಸುತ್ತಿ, ಸೌಟು ಹಿಡಿದಾಗಿತ್ತು! ಗುರುತಿಲ್ಲದವರ ತಟ್ಟೆಗೂ ಪಲಾವಿನ ಗುಡ್ಡ, ಪಲಾವಿನ ನೆತ್ತಿಯ ಮೇಲೆ ಜಾಮೂನು! ಹೋಟೆಲಿನ ಮಾಲೀಕರು ಓಡಿಬಂದರು.

"ಯಜಮಾನ್ರೇ, ಅವರವರೇ ಹಾಕ್ಕೊಂತಾರೆ, ಬಿಡಿ!"

"ಬೆಳಗಿಂದ ದಣಿದೀರಿ ಸಾವ್ಕಾರ್ರ, ನೀವೂ ಕುಂದರ್ರಿ. ನಾನು ಅದೀನಲ್ಲ!"

ಎರಡು ನಿಮಿಷದಲ್ಲಿ ಮಾಲೀಕರು ತಮ್ಮದೇ ಹೋಟೆಲಿನಲ್ಲಿ ಅತಿಥಿಯಾಗಿ ಪೂರಿ ತಿನ್ನುತ್ತಿದ್ದರು! ಶಿರಸ್ತೇದಾರರು ಮಾತ್ರ ತಮ್ಮ ತಟ್ಟೆಯ ಗುಡ್ಡವನ್ನೇ ದಿಟ್ಟಿಸುತ್ತಿದ್ದರು. ಈ ಸಂಬಂಧ ಮುರಿಯಿತೆಂದು ನಿಶ್ಚಯಿಸಿದ ನಾನು ಚಕ್ಕಡಿಯ ಗಾಲಿಯನ್ನು ಅಧ್ಯಯನ ಮಾಡತೊಡಗಿದೆ.

ಆಗ ಮಾವನವರ ಸೌಟು ತಟಕ್ಕನೆ ನಿಂತಿತು.

ಅವ್ವ ಗೋಡೆಗೊರಗಿ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಗಂಡಸರೆಲ್ಲ ಎದ್ದ ಮೇಲೆ ಉಣ್ಣುವುದು ಅವಳ ಪದ್ಧತಿ. ಇಲ್ಲಾದರೋ ಒಬ್ಬರು ಎದ್ದರೆ ಇನ್ನೊಬ್ಬರು ಬರುತ್ತಲೇ ಇದ್ದರು.

"ಅಕ್ಕಾ, ಉಣ್ಣಲಿಲ್ಲೇನಬೇ?"

"ನಿಮ್ದೆಲ್ಲಾ ಆಗ್ಲಿ ಬಿಡೋ. ಕಡೀಕ ಉಳಿದದ್ದು ನೋಡ್ತೀನಿ."

"ಇಲ್ಲಿ ಕಡಿ ಅನ್ನಾದ ಇಲ್ಲಬೇ!"

ನಗುತ್ತ ಅಂದವರು ಸೌಟು ಹಿಡಿದ ತಮ್ಮ ಕೈಯನ್ನೇ ನೋಡಿಕೊಂಡರು. ಊರಿಗೆಲ್ಲ ಬಡಿಸಿದ ಕೈ ಅದು. ಒಡಹುಟ್ಟಿದ ಅಕ್ಕನಿಗೆ ಒಂದು ದಿನವೂ ಬಡಿಸಿರಲಿಲ್ಲ. ಅವರು ಕುರ್ಚಿ ಎಳೆದು ಅವ್ವನನ್ನು ಕೂರಿಸಿದರು. ಸೌಟು ತುಂಬ ಅನ್ನ ಹಾಕಿ, ಮೇಲೆ ಸಾರು ಬಿಟ್ಟರು. ಅವ್ವ ಒಂದು ತುತ್ತು ಬಾಯಿಗಿಟ್ಟು, "ಸುಡತೈತೋ!" ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಬಿಸಿ ಅನ್ನ ಬಾಯಿ ಸುಡುವುದನ್ನು ಅವಳು ಮರೆತೇಬಿಟ್ಟಿದ್ದಳು. ಮಾವನವರು ಟವೆಲಿನಿಂದ ಕಣ್ಣೊರೆಸಿಕೊಂಡರು.

ಆಗ ಶಿರಸ್ತೇದಾರರ ಮಗಳು ಎದ್ದು ಬಂದು ಅವ್ವನ ಪಕ್ಕದಲ್ಲಿ ಕುಳಿತು, ತಟ್ಟೆ ಮುಂದೆ ಹಿಡಿದಳು. "ನಂಗೂ ನೀವೇ ಬಡಿಸಿ, ಮಾವ."

ಶಿರಸ್ತೇದಾರರು ಹೆಂಡತಿಯ ಮುಖ ನೋಡಿದರು, ಆಕೆ ತಲೆಯಾಡಿಸಿದರು. "ಮಗಳೇ ಉತ್ತರ ಹೇಳಿದಾಳೆ, ಇನ್ನು ನಾವೇನು ಹೇಳಾದು!" ಎಂದು ಅವರೂ ನಕ್ಕುಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು. ಹೆಂಗಸರು ಕೊನೆಗೆ ಉಣ್ಣುವ ಪದ್ಧತಿ ನಮ್ಮ ಮನೆಯಲ್ಲಿ ಅಲ್ಲಿಗೆ ನಿಂತಿತು. ಅಂದಿನಿಂದ ಒಲೆಯಿಂದ ಇಳಿಸಿದ ಅನ್ನ ಮೊದಲು ಬೀಳುವುದು ಅವ್ವನ ತಟ್ಟೆಗೆ. ಆಮೇಲೆ ನಾವೆಲ್ಲರೂ ಅವಳ ಜೊತೆಯಲ್ಲೇ ಕುಳಿತು ಉಣ್ಣುತ್ತೇವೆ.