ಅಕೌಂಟ್ಸಿನ ಸುಮಾ ಮೇಡಂ

ದೇವರು ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು ಭೂಮಿಗೆ ಕಳಿಸುತ್ತಾನೆ. ನನ್ನ ಸರದಿ ಬಂದಾಗ ಮಿಕ್ಕವರ ದನಿಗಳನ್ನೆಲ್ಲ ಕೊಟ್ಟು, ನನ್ನದನ್ನು ಕೊಡಲು ಮರೆತನೆಂದು ಕಾಣುತ್ತದೆ. ಬ್ಯಾಂಕಿನಿಂದ ಬಂದ ಅಪ್ಪ ಚಪ್ಪಲಿ ಕಳಚುತ್ತ ಗಂಟಲು ಸರಿಮಾಡಿಕೊಳ್ಳುವ ಸದ್ದನ್ನು ನಾನು ಎಷ್ಟು ಬರೋಬರ್ ಮಾಡುತ್ತಿದ್ದೆನೆಂದರೆ, ಅವ್ವ ಚಹಾ ತಂದು ಖಾಲಿ ಕುರ್ಚಿಯ ಮುಂದೆ ನಿಂತದ್ದುಂಟು. "ಮಂಗ್ಯಾನಂಥವನ, ಇದರಿಂದ ಹೊಟ್ಟಿ ತುಂಬತೈತೇನು?" ಎಂದು ಬೈಯುತ್ತಿದ್ದಳು. ತುಂಬಿತು. ಅಪ್ಪನ ವರ್ಗದಿಂದ ನಾವು ಗದಗ ಬಿಟ್ಟು ನೆಲೆಸಿದ್ದ ನಾಗಪುರಕ್ಕೆ ವೆಬ್ ಹೋಸ್ಟಿಂಗ್ ಎಂಬ ಹೊಸ ಧಂದೆ ಬಂದ ಕಾಲದಲ್ಲಿ ನನಗೆ ಅನ್ನ ಹಾಕಿದ್ದು ಕಂಪ್ಯೂಟರ್ ವಿದ್ಯೆಯಲ್ಲ, ಈ ಮಂಗವಿದ್ಯೆ.

ಧಂದೆ ಸರಳ. ಅಂಗಡಿಯವರಿಗೆ, ಕಾರಖಾನೆಯವರಿಗೆ ಇಂಟರ್ನೆಟ್ಟಿನಲ್ಲಿ ತಮ್ಮದೊಂದು ಪುಟ ಬೇಕು. ಆ ಪುಟ ಇಡಲು, ಬಂದ ಇ-ಮೇಲ್ ಹಿಡಿದಿಡಲು ಎಲ್ಲೋ ಒಂದು ಯಂತ್ರದಲ್ಲಿ ಜಾಗ ಬೇಕು. ಅಮೆರಿಕದ ಯಾವುದೋ ಯಂತ್ರದಲ್ಲಿ ದೊಡ್ಡ ಜಾಗ ಹಿಡಿದು, ಅದನ್ನು ತುಂಡು ತುಂಡು ಮಾಡಿ ನಾವು ಬಾಡಿಗೆಗೆ ಕೊಡುತ್ತಿದ್ದೆವು. ಅವ್ವ ಇದನ್ನು ಪರಿಚಯದ ಹೆಂಗಸರಿಗೆಲ್ಲ "ನಮ್ಮ ಗಿರೀಶ ಸೈಟ್ ವ್ಯವಹಾರ ಮಾಡ್ತಾನ" ಎಂದು ವಿವರಿಸಿದಳು. ಮುಂದಿನ ಭಾನುವಾರವೇ ಒಬ್ಬರು ಮನೆಗೆ ಬಂದು, "ಮನೀಶ್ ನಗರದ ಕಡೆ ಮೂಡಣ ಮುಖದ್ದು ಏನರೆ ಐತೇನಪಾ?" ಎಂದು ಕೇಳಿದರು. ನಮ್ಮ ಜಾಗವೆಲ್ಲ ಅಮೆರಿಕದಲ್ಲಿದೆ ಎಂದೆ. ಚಹಾ ಕುಡಿದು ಎದ್ದುಹೋದರು. ಆಮೇಲೆ ಬಹಳ ದಿನ ನಮ್ಮ ಮನೆಯ ಕಡೆ ಅವರು ಸುಳಿಯಲಿಲ್ಲ.

ನಮ್ಮ ಕಂಪನಿಯೆಂದರೆ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಫೋನ್, ಮಾಲೀಕ ನಿತಿನ್ ದಾದಾ, ಮತ್ತು ನಾನು. ದಾದಾ ಸ್ಕೂಟರ್ ಮೇಲೆ ಗಿರಾಕಿ ಹುಡುಕುತ್ತ ಊರು ಸುತ್ತುತ್ತಿದ್ದ. ಹಾಗಾಗಿ ಕೋಣೆಯಲ್ಲಿ ಉಳಿದ ಸಿಬ್ಬಂದಿಯೆಲ್ಲ ನಾನೇ. ಇಷ್ಟು ಚಿಕ್ಕ ಅಂಗಡಿಯನ್ನು ಯಾರು ನಂಬುತ್ತಾರೆ ಎಂಬುದು ದಾದಾನ ಚಿಂತೆ. ನಾನು ಪರಿಹಾರ ಹುಡುಕಿದೆ. ಫೋನ್ ಎತ್ತುವವನು ವಿನಯದ ಆಪರೇಟರ್. ದೂರು ಕೇಳುವವನು ಮುಂಬಯಿ ಇಂಗ್ಲಿಷಿನ ಟೆಕ್ನಿಕಲ್ ಸಾಹೇಬ, ದಪ್ಪ ದನಿ, ಸದಾ ಅವಸರ. ಬಿಲ್ಲಿನ ಮಾತಿಗೆ ಅಕೌಂಟ್ಸಿನ ಸುಮಾ ಮೇಡಂ, ಇಂಪಾದ ಹೆಣ್ಣುದನಿ. ಮೂವರೂ ನಾನೇ. ಒಬ್ಬರಿಂದ ಇನ್ನೊಬ್ಬರಿಗೆ ಲೈನ್ ಹೋಗುವ ನಡುವೆ ಮೂಗಿನಿಂದ ಸಂಗೀತವನ್ನೂ ನಾನೇ ನುಡಿಸುತ್ತಿದ್ದೆ. ಇಂಟರ್ನೆಟ್ಟಿಗೂ ಫೋನಿಗೂ ಒಂದೇ ತಂತಿಯಾದ್ದರಿಂದ ಅರ್ಧ ದಿನ ನಮ್ಮ ಲೈನ್ ಸಿಗುತ್ತಲೇ ಇರಲಿಲ್ಲ. ಅದನ್ನೂ ಜನ ನಮ್ಮ ದೊಡ್ಡಸ್ತಿಕೆ ಎಂದೇ ತಿಳಿದರು.

ಹಾಗೆ ತಿಳಿದವರಲ್ಲಿ ಗಂಗಾಧರ ಕಾಕಾ ಮೊದಲಿಗರು. ಧಾರವಾಡದ ಕಡೆಯವರು, ಸರಕಾರಿ ಕಾರಖಾನೆಯ ನೌಕರಿ ಮುಗಿಸಿ, ಊರ ಹೊರಗಿನ ಕಾರಖಾನೆಗಳ ಪ್ರದೇಶ ಹಿಂಗಣಾದಲ್ಲಿ ರಬ್ಬರಿನ ಗ್ಯಾಸ್ಕೆಟ್ ಮಾಡುವ ಸಣ್ಣ ಘಟಕ ಹಾಕಿದ್ದರು. ಎರಡು ಪೈಪು ಸೇರುವಲ್ಲಿ ಸೋರದಂತೆ ಕೂರಿಸುವ ಬಳೆ ಅದು. ನಮ್ಮ ಅತಿ ದೊಡ್ಡ ಗಿರಾಕಿ ಅವರೇ. ಹಿಂಗಣಾದ ಇನ್ನಷ್ಟು ಜನ ಅವರ ಮಾತು ನಂಬಿ ನಮ್ಮಲ್ಲಿ ಬಂದಿದ್ದರು. "ಗಂಗಾಧರ್ ಶೇಠ್ ಗೇಲೇ ತರ್ ಆಪಣ್ ಪಣ್ ಗೇಲೋ," ಎನ್ನುತ್ತಿದ್ದ ದಾದಾ. ಅವರು ಹೋದರೆ ನಾವೂ ಹೋದೆವು, ಶಟರ್ ಎಳೆಯುವುದೇ ಸೈ. ಅವರ ಕರಾರಿನ ಆ ವರ್ಷದ ನವೀಕರಣ ಹತ್ತಿರ ಬಂದಿತ್ತು.

ಅಂಥ ಹೊತ್ತಿನಲ್ಲಿ ಕಾಕಾ ಫೋನ್ ಮಾಡಿದರು. ಪುಣೆಯ ಗಿರಾಕಿಯೊಬ್ಬ ಹೊಸ ಗ್ಯಾಸ್ಕೆಟ್ಟಿನ ನಕ್ಷೆಯನ್ನು ಮೇಲ್ ಮಾಡಿದ್ದಾನೆ, ಅದು ತಿರುಗಿ ಅವನಿಗೇ ಹೋಗುತ್ತಿದೆ, ಸಂಜೆಯೊಳಗೆ ಸಿಗದಿದ್ದರೆ ಆರ್ಡರ್ ಬೇರೆಯವರಿಗೆ. ಟೆಕ್ನಿಕಲ್ ಸಾಹೇಬ ಗುಡುಗಿದ: ಸರ್ವರ್, ಪ್ರೋಟೋಕಾಲ್, ಇಂಟರ್‌ನ್ಯಾಷನಲ್ ಪ್ರಾಬ್ಲೆಮ್, ಎರಡು ದಿನ ಬೇಕು. ಕಾಕಾ ಹತಾಶರಾಗಿ "ಬಿಲ್ಲಿನ ಮೇಡಂಗಾದ್ರೂ ಕೊಡಿ" ಎಂದು ಹಿಂದಿಯಲ್ಲಿ ಹೇಳಿದರು. ಮೂಗಿನ ಸಂಗೀತ. ಸುಮಾ ಬಂದಳು. ಅಷ್ಟರಲ್ಲಿ ಕಾಕಾ ಆ ಕಡೆ ಹೆಂಡತಿಗೆ ಹೇಳುತ್ತಿದ್ದರು: "ಇವರ ಕಡಿಂದ ಏನೂ ಆಗಂಗಿಲ್ಲ ತಗೋ."

"ಹಂಗನಬ್ಯಾಡ್ರಿ ಕಾಕಾ, ನೋಡೂಣಂತ," ಎಂದುಬಿಟ್ಟಳು ಸುಮಾ. ನಾನು ತಡೆಯುವುದರೊಳಗೆ ಬಾಯಿ ಜಾರಿತ್ತು.

"ಯವ್ವಾ! ಕನ್ನಡದಾಕಿ ಏನವಾ ನೀನು? ಯಾವೂರು?"

"ಗದಗ್ರೀ."

ಇಲ್ಲಿ ಒಂದು ವಿಚಿತ್ರ ನಡೆಯಿತು. ಸಾಹೇಬನ ಬಾಯಲ್ಲಿ ಇಂಗ್ಲಿಷ್ ನೆಪಗಳು ಬೇಕಾದಷ್ಟಿದ್ದವು. ಸುಮಾ ಅಕೌಂಟ್ಸಿನವಳು, ಪಾಪ, ಅವಳಿಗೆ ಪ್ರೋಟೋಕಾಲ್ ಗೊತ್ತಿಲ್ಲ. ನೆಪ ಗೊತ್ತಿಲ್ಲದವಳು ಏನು ಹೇಳಿಯಾಳು? "ನನಗ ಅದೆಲ್ಲ ತಿಳಿಯಂಗಿಲ್ರಿ ಕಾಕಾ. ಹತ್ತು ಮಿನಿಟ್ ಕೊಡ್ರಿ, ನೋಡಿ ನಾನ ಫೋನ್ ಮಾಡ್ತೀನಿ" ಎಂದಳು. ಮಾತು ಕೊಟ್ಟ ಮೇಲೆ ನೋಡಲೇಬೇಕಾಯಿತು. ಫೋನ್ ಇಟ್ಟು ಇಂಟರ್ನೆಟ್ ಹಚ್ಚಿದೆ. ಕಾಕಾರ ಮೇಲ್ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ದೀಪಾವಳಿಗೆ ಬಂಧುಬಳಗ ಕಳಿಸಿದ ಕುಣಿಯುವ ಗಣಪತಿ, ಸಿಡಿಯುವ ಪಟಾಕಿ, ಮಿಣುಕುವ ಹಣತೆ ಎಲ್ಲ ಕಾಲು ಚಾಚಿ ಮಲಗಿದ್ದವು. ನಕ್ಷೆಗೆ ನಿಲ್ಲಲೂ ಜಾಗವಿಲ್ಲ. ಪೆಟ್ಟಿಗೆ ತುಂಬುತ್ತಿದೆ ಎಂದು ಮೊದಲೇ ತಿಳಿಸುವುದು ನಮ್ಮ ಕೆಲಸವಾಗಿತ್ತು.

ಇಂಟರ್ನೆಟ್ ಕಡಿದು ಸುಮಾ ಫೋನ್ ಮಾಡಿ ಅದನ್ನೇ ಹೇಳಿದಳು: "ತಪ್ಪು ನಮ್ಮದೇ ಐತ್ರಿ. ಗಣಪತಿ ತಗೀಲೇನ್ರಿ?" ಕಾಕಾ "ತಗಿಯವಾ, ಅಂವ ಸಿಟ್ಟಾಗಂಗಿಲ್ಲ" ಎಂದರು. ಮತ್ತೆ ತಂತಿ ಬದಲು. ತೆಗೆದಾಯಿತು ಎಂದು ಮತ್ತೊಂದು ಫೋನ್. ಪುಣೆಯವನು ಮತ್ತೆ ಕಳಿಸಿದ ಮೇಲೆ, ನಕ್ಷೆ ಬಂತೋ ಇಲ್ಲವೋ ಎಂದು ಇನ್ನೊಂದು. ಬಂದಿತ್ತು. ಆರ್ಡರ್ ಉಳಿಯಿತು.

ಮರುವಾರ ದಾದಾ ಬಿಳಿಚಿಕೊಂಡು ಬಂದ. ಸಹಿ ಹಾಕುವ ಮೊದಲು ಕಾಕಾ ಒಮ್ಮೆ ಆಫೀಸು ನೋಡಲು ಬರುತ್ತಾರಂತೆ, ಹೆಂಡತಿಯ ಜೊತೆ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಕಾಕಾರ ಹೆಂಡತಿ ಇಂದಿರಾ ಕಾಕೂ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ ಹಿಡಿದು, ರೇಷ್ಮೆ ಸೀರೆ ಉಟ್ಟು ಮೆಟ್ಟಿಲು ಹತ್ತಿದಾಗ.

"ಸುಮಾ ಎಲ್ಲಿ?" ಎಂದರು ಕಾಕೂ, ಕೂರುವ ಮೊದಲೇ. ಕಾಕಾ ಸಂಕೋಚದಿಂದ ವಿವರಿಸಿದರು: "ನಮ್ಮ ಅಕ್ಕನ ಮಗ ರೈಲ್ವೆದಾಗ ಅದಾನ ತಮ್ಮಾ. ಕನ್ನಡ ಮಾತಾಡೋ ಹುಡುಗೀನ ಬೇಕು ಅಂತ ಹಟಾ ಹಿಡದ್ ಕುಂತಾನ. ನಾಗಪುರದಾಗ ಎಲ್ಲಿಂದ ತರೂನು? ದೇವರ ಕೊಟ್ಟಂಗ ಈಕಿ ಸಿಕ್ಕಳು."

ಸುಮಾ ರಜೆ ಎಂದೆ. ಟೆಕ್ನಿಕಲ್ ಸಾಹೇಬರು? ಟೂರ್ ಮೇಲೆ. ಆಪರೇಟರ್? ಜ್ವರ. ದಾದಾ ಗೋಡೆಯ ಗಣಪತಿಗೆ ಕೈಮುಗಿಯುತ್ತಿದ್ದ. ಗಣಪತಿಯನ್ನು ಅಳಿಸಿದವನ ಜೊತೆ ಇದ್ದು ಯಾವ ಫಲ! ಕಾಕಾ ಒಂದೇ ಮೇಜನ್ನೂ ಒಂದೇ ಕುರ್ಚಿಯನ್ನೂ ನೋಡುತ್ತ, "ಇರ್ಲಿ. ನನಗ ಸರ್ವರ್ ಗಿರ್ವರ್ ತಿಳಿಯಂಗಿಲ್ಲ. ಫೋನ್ ಮಾಡಿದ್ರ ಒಬ್ಬರು ಎತ್ತಬೇಕು, ಖರೇ ಮಾತಾಡಬೇಕು. ಸಣ್ಣ ಧಂದಾದವರಿಗೆ ಅಷ್ಟ ಸಾಕು. ನಿಮ್ಮಲ್ಲಿ ಆ ಹುಡುಗಿ ಅದಾಳ ಅಂತ ನಾ ಇಲ್ಲಿ..." ಎನ್ನುವಷ್ಟರಲ್ಲಿ ಫೋನ್ ರಿಂಗಾಯಿತು.

ದಾದಾ ನನ್ನನ್ನು ನೋಡಿದ. ನಾನು ಫೋನನ್ನು ನೋಡಿದೆ. ರಿಂಗಾಗುತ್ತಲೇ ಇತ್ತು. ಎತ್ತದಿದ್ದರೆ ಕಾಕಾ ಹೇಳಿದ ಒಂದೇ ಒಂದು ಮಾತು ಅಲ್ಲೇ ಮಣ್ಣುಪಾಲು. ಎತ್ತಿದೆ. ಒಬ್ಬ ಟ್ಯೂಷನ್ ಕ್ಲಾಸಿನ ಮೇಷ್ಟ್ರು. ಅವರ ಪುಟ ತೆರೆಯುತ್ತಿಲ್ಲ, ಅಡ್ಮಿಶನ್ ಕಾಲ, ಸುಮಾ ಮೇಡಮ್ಮೇ ಬೇಕು, ಬೇರೆ ಯಾರೂ ಬೇಡ. ನಾನು ಕಣ್ಣು ಮುಚ್ಚಿದೆ. "ಹೋ ಸರ್, ಬೋಲಾ ನಾ," ಹೇಳಿ ಸರ್, ಎಂದು ಮರಾಠಿಯಲ್ಲಿ ಕೇಳಿದಳು ಸುಮಾ, ನನ್ನ ಮೀಸೆಯ ಕೆಳಗಿನಿಂದ. ತಪ್ಪು ಯಾರದೆಂದು ನೋಡಿ ತಾನೇ ಫೋನ್ ಮಾಡುವುದಾಗಿ ಮಾತುಕೊಟ್ಟಳು.

ಕಣ್ಣು ತೆರೆದಾಗ ಕಾಕೂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜಗಳು ಕುಣಿಯುತ್ತಿದ್ದವು. ಕೊನೆಗೆ ತಡೆಯಲಾರದೆ, "ರೀ, ನಮ್ಮ ಸೊಸಿಗೆ ಮೀಸಿ ಬಂದಾವ್ರಿ!" ಎಂದು ಕಣ್ಣೀರು ಬರುವಂತೆ ನಕ್ಕರು. ಕಾಕಾ ನಗಲಿಲ್ಲ. ಬರ್ಫಿಯ ಡಬ್ಬಿಯನ್ನು ತಾವೇ ಬಿಚ್ಚಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸುವವರೆಗೂ ನನ್ನನ್ನೇ ನೋಡಿದರು.

"ಆ ಟೆಕ್ನಿಕಲ್ ಸಾಹೇಬನೂ ನೀನ ಏನು?"

"ಹೌದ್ರಿ ಕಾಕಾ."

"ಅಂವನ್ನ ತಗದ್ ಹಾಕು. ಹುಡುಗಿ ಇರ್ಲಿ." ಎಂದವರೇ ಸಹಿ ಹಾಕಿ, "ಮೊದಲು ಆ ಮಾಸ್ತರಗ ಫೋನ್ ಮಾಡು, ಮಾತು ಕೊಟ್ಟೀದಿ" ಎಂದು ಎದ್ದರು.

ಧಂದೆ ಎಂದರೇನೆಂದು ನನಗೆ ತಿಳಿದದ್ದು ಅಂದೇ. ಸಾಹೇಬನ ನೌಕರಿ ಹೋಯಿತು. ಅವನ ಇಂಗ್ಲಿಷನ್ನು ಯಾರೂ ನೆನೆಸಲಿಲ್ಲ. ಸುಮಾಳಿಗೆ ಮಾತ್ರ ದೀಪಾವಳಿಗೆ ಗಿರಾಕಿಗಳಿಂದ ಮಿಠಾಯಿ ಬರುತ್ತಿತ್ತು, ನನಗೆ ಹೊಟ್ಟೆಕಿಚ್ಚು. ಕೆಲವು ವರ್ಷಗಳ ಮೇಲೆ ನನಗೇ ಹೆಣ್ಣು ನೋಡತೊಡಗಿದಾಗ, ಒಂದು ಮನೆಯವರು ಹುಡುಗ ಹೇಗೆಂದು ವಿಚಾರಿಸಲು ಗಂಗಾಧರ ಕಾಕಾರ ಬಳಿ ಹೋದರಂತೆ. ಸುಳ್ಳು ಹೇಳುವ ಮನುಷ್ಯನಲ್ಲ ಕಾಕಾ. ಇದ್ದದ್ದನ್ನೇ ಹೇಳಿದರಂತೆ: "ಹುಡುಗ ಅಷ್ಟಕ್ಕಷ್ಟ. ಆದ್ರ ಅವನೊಳಗ ಒಬ್ಬ ಹುಡುಗಿ ಅದಾಳ ನೋಡ್ರಿ, ಅಪ್ಪಟ ಬಂಗಾರ."

ಆ ಸಂಬಂಧ ಕೂಡಿಬರಲಿಲ್ಲ.