ಟವೆಲ್ಲಿನಡಿ ಕಂಪ್ಯೂಟರ್

ಕಂಪ್ಯೂಟರ್ ಕೊಳ್ಳಲು ಹಾಸನಕ್ಕೆ ಹೊರಟ ಕನಕರಾಜು, ಜೊತೆಗೆ ಸೋದರಮಾವ ಲಕ್ಕಯ್ಯನನ್ನೂ ಕರೆದುಕೊಂಡು ಹೋದದ್ದೇ ಎಡವಟ್ಟಾಯಿತು. ಲಕ್ಕಯ್ಯ ಕೊಣನೂರು ಸಂತೆಯಲ್ಲಿ ದನದ ದಲ್ಲಾಳಿ. ಅವನು ಕೈಹಾಕಿದ ವ್ಯಾಪಾರದಲ್ಲಿ ಬೆಲೆ ಇಳಿಯದೇ ಇದ್ದದ್ದಿಲ್ಲ.

ಕನಕರಾಜುವಿನ ಹೆಂಡತಿ ನೇತ್ರಾವತಿ ಅರಕಲಗೂಡಿನಲ್ಲಿ ಡಿಸೈನ್ ಕೆಲಸ ಕಲಿತು, ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ ಮಾಡುವ ಅಂಗಡಿ ತೆರೆಯಲು ತುದಿಗಾಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ಮದುವೆಯ ಪತ್ರಿಕೆಯನ್ನು ಆಗಲೇ ಒಪ್ಪಿಕೊಂಡೂಬಿಟ್ಟಿದ್ದಳು.

ಹಾಸನದ ಅಂಗಡಿಯ ಷಡಕ್ಷರಿ, ಇದ್ದುದರಲ್ಲೇ ಅಗ್ಗದ ಸೆಟ್ಟಿಗೆ ಮೂವತ್ತು ಸಾವಿರ ಎಂದರು. ಮೆಮೊರಿ ಚಿಪ್ಪಿನ ಬೆಲೆ ಈಚೆಗೆ ಚಿನ್ನದ ಜೊತೆ ಪಂದ್ಯ ಕಟ್ಟಿದೆ ಎಂದೂ ಸೇರಿಸಿದರು. ಕನಕರಾಜು ಜೇಬು ಮುಟ್ಟಿ ನೋಡಿಕೊಂಡ. ಲಕ್ಕಯ್ಯ ಮಾತ್ರ ಕಂಪ್ಯೂಟರಿನ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಹಿಂದಿನ ತೂತುಗಳನ್ನು ಹೋರಿಯ ಹಲ್ಲು ನೋಡುವಂತೆ ಬಗ್ಗಿ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದ.

"ಬಾಯಲ್ಲಿ ಬ್ಯಾಡ ಸಾ. ಇದರಡಿಗೆ ಕೈ ಕೊಡಿ."

ಷಡಕ್ಷರಿ ನಗುತ್ತಲೇ ಕೈ ಕೊಟ್ಟರು. ದನದ ಸಂತೆಯ ರೂಢಿಯಂತೆ ಟವೆಲ್ಲಿನಡಿ ಬೆರಳು ಬೆರಳು ಬೆಲೆ ಮಾತಾಡಿದವು. ಅಂಗಡಿಗೆ ಬಂದವರೆಲ್ಲ ಸುತ್ತ ನೆರೆದರು. ಒಂದೊಂದು ಬೆರಳು ಮಡಚಿದಾಗಲೂ ಷಡಕ್ಷರಿ ಮೆಲ್ಲಗೆ ಏನೋ ಹೇಳುವುದು, ಲಕ್ಕಯ್ಯ ಗಂಭೀರವಾಗಿ ತಲೆಯಾಡಿಸುವುದು. ಕೊನೆಗೆ ಟವೆಲ್ ಕೊಡವಿ, ಹದಿನೆಂಟಕ್ಕೆ ಮುಗಿಯಿತೆಂದು ಸಾರಿದ. ಜನ ಚಪ್ಪಾಳೆ ತಟ್ಟಿದರು. ಹಿಗ್ಗಿದ ಕನಕರಾಜು ಅಲ್ಲೇ ದುಡ್ಡು ಕಟ್ಟಿದ.

ಕೈಗೆ ಬಂದದ್ದು ಬರೀ ಪೆಟ್ಟಿಗೆ.

"ಸಾ, ಟೀವಿ ಅಂಗಿರೋದು ಎಲ್ಲಿ?" ಎಂದ ಕನಕರಾಜು.

"ಅದನ್ನ ನಿಮ್ಮ ಯಜಮಾನ್ರು ಎರಡನೇ ಬೆರಳಿಗೇ ಬಿಟ್ಕೊಟ್ರಲ್ಲ. ಮೂರನೇದಕ್ಕೆ ಕೀಬೋರ್ಡು, ಮೌಸು."

ಕನಕರಾಜು ಮಾವನ ಮುಖ ನೋಡಿದ. ಲಕ್ಕಯ್ಯನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. "ನಾನು ಎಮ್ಮೆ ಬೆಲೆ ಮಾತಾಡ್ದೆ ಕಣ್ಲಾ. ಮೂಗುದಾರ, ಗಂಟೆ ಯಾವತ್ತೂ ಬ್ಯಾರೆ."

ಉಳಿದದ್ದನ್ನೆಲ್ಲ ಬಿಡಿಬಿಡಿಯಾಗಿ ಕೊಂಡಾಗ ಒಟ್ಟು ಮೂವತ್ತೆರಡು ದಾಟಿತು. ಅಷ್ಟರಲ್ಲಿ ಷಡಕ್ಷರಿ ಲಕ್ಕಯ್ಯನಿಗೆ ಕಾಫಿ ತರಿಸಿ, ಸಗಟು ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಲು ಸಂಬಳದ ಮೇಲೆ ನೇಮಿಸಿಕೊಂಡೂ ಆಗಿತ್ತು. ಕನಕರಾಜು ಡಬ್ಬಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು ಕೊಣನೂರು ಬಸ್ಸಿನಲ್ಲಿ ಒಬ್ಬನೇ ಕೂತ.

ನೇತ್ರಾವತಿ ಬೈಯಲಿಲ್ಲ. ಸಂಜೆಗೆಲ್ಲ ಪಕ್ಕದ ಮನೆಯ ಪತ್ರಿಕೆ ತೆರೆಯ ಮೇಲೆ ಅರಳಿತ್ತು. ಕನಕರಾಜುವಿಗೆ ಮೂವತ್ತೆರಡೂ ಮರೆತುಹೋಯಿತು. ಆಗಲೇ ಅವಳ ಫೋನ್ ಬಡಿದುಕೊಂಡಿತು. ಮಾತು ಮುಗಿಸಿದವಳ ಮುಖ ಹೊಳೆಯುತ್ತಿತ್ತು. ಹಾಸನದ ಷಡಕ್ಷರಿಯವರ ಅಂಗಡಿಯಿಂದ ಆರ್ಡರ್ ಬಂದಿತ್ತು, ಲಕ್ಕಯ್ಯನ ಹೆಸರಿನ ಸಾವಿರ ವಿಸಿಟಿಂಗ್ ಕಾರ್ಡು.

ಕನಕರಾಜು ಕುಣಿಯುವುದೊಂದು ಬಾಕಿ. ರೇಟೆಷ್ಟು ಎಂದು ಕೇಳಿದ.

"ಮಾವ್ನೇ ಮಾತಾಡಿ ಮುಗಿಸವ್ರೆ," ಎಂದಳು ನೇತ್ರಾವತಿ, ದನಿ ತಗ್ಗಿಸಿ. "ಪೇಪರ್ರು, ಇಂಕಿನ ಖರ್ಚೆಲ್ಲ ನಮ್ದೇ ಅಂತೆ."